ಹಳೆಯ ಸ್ಪೋರ್ಟ್ಸ್ ಕಾರಿಗೆ ಹೊಸ ಸೈಲೆನ್ಸರ್: ಆಯ್ಕೆಯಿಂದ ಜೋಡಣೆಯವರೆಗೆ ಸಮಗ್ರ ಮಾರ್ಗದರ್ಶಿ

ಹಳೆಯ ಸ್ಪೋರ್ಟ್ಸ್ ಕಾರಿಗೆ ಹೊರಗಿನ ತಯಾರಕರ ಸೈಲೆನ್ಸರ್ ಹಾಕಿಸಿಕೊಂಡವರು ಮತ್ತೆ ಮತ್ತೆ ಹೇಳುವ ದೂರುಗಳು ಮೂರು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ ಕಾರಿನೊಳಗೆ ತಲೆ ನೋಯುವಷ್ಟು ಮೊರೆತ ತುಂಬಿಕೊಳ್ಳುತ್ತದೆ. ಗುಂಡಿ ದಾಟುವಾಗ ಸೈಲೆನ್ಸರ್ ಆಕ್ಸಲ್‌ಗೋ ಬಂಪರಿಗೋ ಬಡಿಯುತ್ತದೆ. ಮೊದಲು ಗಂಭೀರವಾಗಿದ್ದ ಸದ್ದು ಒಂದೆರಡು ವರ್ಷಗಳಲ್ಲಿ ಒಡೆದು ಕರ್ಕಶವಾಗುತ್ತದೆ. ಮೂರಕ್ಕೂ ಮೂಲ ಒಂದೇ: ಕೊನೆಗೆ ಮಾಡಬೇಕಾದ ಕೆಲಸವನ್ನು ಮೊದಲು ಮಾಡಿರುತ್ತಾರೆ. ಮೊಬೈಲಿನಲ್ಲಿ ಯಾವುದೋ ಕಾರಿನ ಸದ್ದು ಕೇಳಿ, ಮೆಚ್ಚಿ, ಹಣ ಕಟ್ಟಿ ತರಿಸಿಕೊಂಡು, ಆಮೇಲೆ ತಮ್ಮ ಕಾರಿನ ಕೆಳಗೆ ಇಣುಕುತ್ತಾರೆ. ನಾನೂ ಮೊದಲ ಸಲ ಹಾಗೆಯೇ ಕೊಂಡು ಕೈಸುಟ್ಟುಕೊಂಡವನು. ಆದ್ದರಿಂದ ಇಲ್ಲಿ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲಿಯೇ ಅನುಸರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಮೊದಲು ಸಿದ್ಧವಾಗಿಟ್ಟುಕೊಳ್ಳಬೇಕಾದ ಸಲಕರಣೆಗಳು

ಅಳತೆಗೆ ವರ್ನಿಯರ್ ಕ್ಯಾಲಿಪರ್, ಅಳತೆಯ ಟೇಪು ಮತ್ತು ಒಂದೆರಡು ರಟ್ಟಿನ ಪೆಟ್ಟಿಗೆಗಳು ಬೇಕು. ಪರೀಕ್ಷೆಗೆ ಒಳ್ಳೆಯ ಟಾರ್ಚ್, ರಬ್ಬರ್ ಸುತ್ತಿಗೆ, ಸಣ್ಣ ಆಯಸ್ಕಾಂತ, ಸಾಬೂನು ನೀರು ತುಂಬಿದ ಸಿಂಪಡಿಸುವ ಬಾಟಲಿ ಸಾಕು. ಬಿಚ್ಚುವ ಕೆಲಸಕ್ಕೆ ಸಾಕೆಟ್ ಸೆಟ್, ಉದ್ದ ಹಿಡಿಯ ಸ್ಪ್ಯಾನರ್, ತುಕ್ಕು ಸಡಿಲಿಸುವ ಎಣ್ಣೆ, ಹ್ಯಾಕ್ಸಾ, ಕೈಗವಸು, ಕಣ್ಣಿಗೆ ಕನ್ನಡಕ ಮತ್ತು ಮುಖಕ್ಕೆ ಮಾಸ್ಕ್ ಇರಲಿ.

ಕಾರನ್ನು ಕೇವಲ ಜಾಕ್ ಮೇಲೆ ನಿಲ್ಲಿಸಿ ಅದರ ಕೆಳಗೆ ನುಸುಳಬಾರದು. ಸಮತಟ್ಟಾದ ಗಟ್ಟಿ ನೆಲದಲ್ಲಿ ಜಾಕ್ ಸ್ಟ್ಯಾಂಡ್‌ಗಳ ಮೇಲೆ ಕೂರಿಸಿ, ನೆಲದ ಮೇಲಿರುವ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೆಲಸ ಆರಂಭಿಸಿ.

ಹಂತ 1: ಈಗಿರುವ ವ್ಯವಸ್ಥೆಯ ಆರೋಗ್ಯ ನೋಡಿ

ಸೈಲೆನ್ಸರ್ ಎಂಬುದು ಎಕ್ಸಾಸ್ಟ್ ದಾರಿಯ ಕೊನೆಯ ಭಾಗ. ಅದಕ್ಕೂ ಮುಂದೆ ಮ್ಯಾನಿಫೋಲ್ಡ್ (ಎಂಜಿನ್ನಿನ ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಕೊಳವೆಗಳ ಗುಂಪು), ಅದರಿಂದ ಇಳಿಯುವ ಕೊಳವೆ, ಇದ್ದರೆ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷಾನಿಲಗಳನ್ನು ತಗ್ಗಿಸುವ ಡಬ್ಬಿ), ನಡುಕೊಳವೆ, ರೆಸೊನೇಟರ್ (ಕೆಲವು ಸದ್ದುಗಳನ್ನು ಅಡಗಿಸುವ ಸಣ್ಣ ಡಬ್ಬಿ) ಇರುತ್ತವೆ. ಇವುಗಳಲ್ಲಿ ಒಂದು ಕೆಟ್ಟಿದ್ದರೂ ಹೊಸ ಸೈಲೆನ್ಸರ್‌ನಿಂದ ಕಾಯಿಲೆ ವಾಸಿಯಾಗುವುದಿಲ್ಲ.

ತಣ್ಣನೆಯ ಎಂಜಿನ್ ಚಾಲೂ ಮಾಡಿದಾಗ ಮುಂಭಾಗದಿಂದ ಟಕ್ ಟಕ್ ಎಂಬ ಸದ್ದು ಬಂದು, ಬಿಸಿಯಾಗುತ್ತಿದ್ದಂತೆ ಅದು ಮಾಯವಾದರೆ, ಮ್ಯಾನಿಫೋಲ್ಡ್ ಬಿರುಕು ಬಿಟ್ಟಿದೆ ಇಲ್ಲವೇ ಅದರ ಗ್ಯಾಸ್ಕೆಟ್ (ಜೋಡಣೆಯ ಸಂದನ್ನು ಮುಚ್ಚುವ ಪಟ್ಟಿ) ಸೋತಿದೆ ಎಂದು ಅನುಮಾನಿಸಬೇಕು. ಲೋಹ ಬಿಸಿಗೆ ಹಿಗ್ಗಿ ಸಂದನ್ನು ಮುಚ್ಚುವುದರಿಂದ ಸದ್ದು ನಿಲ್ಲುತ್ತದೆಯೇ ಹೊರತು ದೋಷ ಹೋಗಿರುವುದಿಲ್ಲ. ಉಳಿದ ಜೋಡಣೆಗಳಿಗೆ, ಎಂಜಿನ್ ಚಾಲೂ ಮಾಡಿದ ಮೊದಲ ನಿಮಿಷದಲ್ಲಿ, ಕೊಳವೆ ಇನ್ನೂ ತಣ್ಣಗಿರುವಾಗಲೇ ಸಾಬೂನು ನೀರು ಸಿಂಪಡಿಸಿ. ಸೋರುವಲ್ಲಿ ಗುಳ್ಳೆ ಏಳುತ್ತದೆ. ಈ ಪರೀಕ್ಷೆಯನ್ನು ಬಯಲಿನಲ್ಲಿಯೇ ಮಾಡಬೇಕು. ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಉಪಕರಣ) ಇರುವ ಕಾರುಗಳಲ್ಲಿ ಸೆನ್ಸರ್‌ಗೆ ಮುಂಚಿನ ಸೋರಿಕೆ ಇನ್ನೂ ಹೆಚ್ಚಿನ ತೊಂದರೆ ಕೊಡುತ್ತದೆ: ಹೊರಗಿನ ಗಾಳಿ ಒಳಗೆ ಎಳೆಯಲ್ಪಟ್ಟು, ಇಂಧನ ಕಡಿಮೆಯಾಗಿದೆ ಎಂದು ಸೆನ್ಸರ್ ತಪ್ಪಾಗಿ ಭಾವಿಸಿ, ಬೇಡದಿದ್ದರೂ ಹೆಚ್ಚು ಪೆಟ್ರೋಲ್ ಸುರಿಯುವಂತಾಗುತ್ತದೆ.

ನಂತರ ಹಳೆಯ ಸೈಲೆನ್ಸರ್ ಅನ್ನು ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಡಬ್ಬಿ ‘ಠಣ್’ ಎನ್ನುತ್ತದೆ. ಒಳಗೆ ಕೊಳೆತದ್ದು ‘ದೊಪ್’ ಎಂದು ಮಂಕಾಗಿ ಉತ್ತರಿಸುತ್ತದೆ, ಜೊತೆಗೆ ತುಕ್ಕಿನ ಚಕ್ಕೆಗಳು ಒಣ ಸೋರೆಬುರುಡೆಯೊಳಗಿನ ಬೀಜದಂತೆ ಗಲಗಲ ಎನ್ನುತ್ತವೆ. ಕ್ಯಾಟಲಿಟಿಕ್ ಕನ್ವರ್ಟರ್ ಅನ್ನೂ ಹೀಗೆಯೇ ತಟ್ಟಿ ನೋಡಿ. ಅದರೊಳಗಿನ ಪಿಂಗಾಣಿ ಜಾಲರಿ ಒಡೆದಿದ್ದರೆ ಅದರ ಚೂರುಗಳು ಮುಂದೆ ಸಾಗಿ ಹೊಸ ಸೈಲೆನ್ಸರ್‌ನಲ್ಲಿ ಸಿಕ್ಕಿಕೊಳ್ಳುತ್ತವೆ. ಎಂಜಿನ್ ಮಿಸ್ ಹೊಡೆಯುತ್ತಿದ್ದರೆ ಮೊದಲು ಅದನ್ನು ಸರಿಪಡಿಸಿ. ಉರಿಯದೆ ಬಂದ ಪೆಟ್ರೋಲ್ ಸೈಲೆನ್ಸರ್ ಒಳಗೆ ಹೊತ್ತಿಕೊಂಡರೆ ಅತ್ಯುತ್ತಮ ಡಬ್ಬಿಯ ಹೊಲಿಗೆಯೂ ಬಿಚ್ಚಿಕೊಳ್ಳುತ್ತದೆ.

ಹಂತ 2: ಅಳತೆ ತೆಗೆಯಿರಿ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ‘ಎರಡೂವರೆ ಇಂಚಿನ ಪೈಪು’ ಎಂದು ಹೇಳಿದರೆ ಅದು ಹೊರ ವ್ಯಾಸವೋ ಒಳ ವ್ಯಾಸವೋ ಎಂಬುದು ತಿಳಿಯುವುದಿಲ್ಲ. ಕೊಳವೆಗಳನ್ನು ಸಾಮಾನ್ಯವಾಗಿ ಹೊರ ವ್ಯಾಸದಿಂದ ಕರೆಯುತ್ತಾರೆ. ಆದರೆ ಒಂದರೊಳಗೊಂದು ತೂರಿಸುವ ಜೋಡಣೆಯಲ್ಲಿ ಸೈಲೆನ್ಸರ್‌ನ ಬಾಯಿಯನ್ನು ಒಳ ವ್ಯಾಸದಿಂದ ಹೇಳುವುದುಂಟು. ನನಗೆ ಬಂದ ಡಬ್ಬಿಯ ಬಾಯಿ ಹೊರಗಿನಿಂದ 63 ಮಿಲಿಮೀಟರ್ ಇದ್ದದ್ದು ನಿಜ, ಆದರೆ ಟಾರ್ಚ್ ಹಾಕಿ ನೋಡಿದಾಗ ಒಂದು ಗೇಣು ಒಳಗೆ ಅದು 50 ಮಿಲಿಮೀಟರಿಗೆ ಕುಗ್ಗಿತ್ತು. ಆದ್ದರಿಂದ ಕಾರಿನ ಕೊಳವೆಯ ಹೊರ ವ್ಯಾಸವನ್ನು ಕ್ಯಾಲಿಪರ್‌ನಿಂದ ಎರಡು ದಿಕ್ಕುಗಳಲ್ಲಿ ಅಳೆದು (ಹಳೆಯ ಕೊಳವೆಗಳು ಪೂರ್ತಿ ದುಂಡಗೆ ಉಳಿದಿರುವುದಿಲ್ಲ) ಬರೆದಿಟ್ಟುಕೊಳ್ಳಿ. ಮಾರುವವರಿಂದ ಬಾಯಿಯ ಒಳ ವ್ಯಾಸ, ಹೊರ ವ್ಯಾಸ ಮತ್ತು ಒಳಗಿನ ಅತಿ ಕಿರಿದಾದ ಭಾಗದ ವ್ಯಾಸ, ಈ ಮೂರನ್ನೂ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಎರಡನೆಯದು ಜಾಗ. ಡಬ್ಬಿಯ ಉದ್ದ, ಅಗಲ, ಎತ್ತರ ಮಾತ್ರವಲ್ಲದೆ ಒಳಬರುವ ಮತ್ತು ಹೊರಹೋಗುವ ಬಾಯಿಗಳು ನಡುವೆ ಇವೆಯೋ ಪಕ್ಕಕ್ಕೆ ಸರಿದಿವೆಯೋ, ಡಬ್ಬಿಯನ್ನು ತೂಗುಹಾಕುವ ಹ್ಯಾಂಗರ್ ಕಡ್ಡಿಗಳು ಎಲ್ಲಿವೆ ಎಂಬುದನ್ನು ಚಿತ್ರ ಬರೆದು ಗುರುತಿಸಿ. ಕಾರನ್ನು ಎತ್ತಿದಾಗ ಚಕ್ರಗಳು ಕೆಳಗೆ ಜೋತುಬೀಳುವುದರಿಂದ ಆಕ್ಸಲ್ ಮತ್ತು ಸಸ್ಪೆನ್ಷನ್ ತಮ್ಮ ನಿಜವಾದ ಜಾಗದಲ್ಲಿರುವುದಿಲ್ಲ. ಆದ್ದರಿಂದ ಜಾಕ್ ಸ್ಟ್ಯಾಂಡ್‌ಗಳನ್ನು ಆಕ್ಸಲ್ ಅಥವಾ ಕೆಳ ತೋಳುಗಳ ಕೆಳಗೆ ಕೊಟ್ಟು, ಕಾರು ತನ್ನ ಭಾರವನ್ನು ಹೊತ್ತ ಸ್ಥಿತಿಯಲ್ಲಿ ಅಂತರಗಳನ್ನು ಅಳೆಯಬೇಕು. ಕೊಳ್ಳುವ ಡಬ್ಬಿಯ ಅಳತೆಗೆ ಸರಿಯಾಗಿ ರಟ್ಟಿನ ಮಾದರಿ ಮಾಡಿ ಜಾಗದಲ್ಲಿ ಹಿಡಿದು ನೋಡುವುದು ಮಕ್ಕಳ ಕೆಲಸದಂತೆ ಕಂಡರೂ, ನಾನು ಕಂಡ ಅತ್ಯಂತ ಉಪಯುಕ್ತ ಅರ್ಧ ಗಂಟೆ ಅದು.

ಬಿಸಿಗೆ ಆಗುವ ಹಿಗ್ಗುವಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ 3 ಮೀಟರ್ ಉದ್ದದ ಕೊಳವೆಯ ಉಷ್ಣತೆ 300 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು 16 ಮಿಲಿಮೀಟರ್ ಉದ್ದವಾಗುತ್ತದೆ; ಸಾದಾ ಉಕ್ಕಿನದಾದರೆ ಸುಮಾರು 11. ಸಾದಾ ಉಕ್ಕಿನ ಬದಲು ಸ್ಟೇನ್‌ಲೆಸ್ ಹಾಕಿಸಿದ ಕಾರಿನಲ್ಲಿ ತಣ್ಣಗಿದ್ದಾಗ ಸರಿಯಾಗಿ ಕೂತಿದ್ದ ಕೊಳವೆಯ ತುದಿ ದೂರದ ಓಡಾಟದ ಬಳಿಕ ಬಂಪರಿಗೆ ತಾಗಿ ಬಣ್ಣ ಸುಡುವುದು ಇದೇ ಕಾರಣಕ್ಕೆ.

ಕೆಲವು ಕಾರುಗಳಿಗೆ ಹೆಚ್ಚಿನ ಎಚ್ಚರ ಬೇಕು. ಗಾಳಿಯಿಂದ ತಂಪಾಗುವ ಹಳೆಯ ಪೋರ್ಷೆ 911ರಲ್ಲಿ ಕಾರಿನೊಳಗಿನ ಬೆಚ್ಚನೆಯ ಗಾಳಿ ಎಕ್ಸಾಸ್ಟ್ ಕೊಳವೆಗಳನ್ನು ಸುತ್ತುವರಿದ ಕವಚದಿಂದಲೇ ಬರುತ್ತದೆ. ಅಲ್ಲಿ ಕೊಳವೆ ತೂತಾದರೆ ಹೊಗೆ ನೇರವಾಗಿ ಕೂತವರ ಬಳಿಗೆ ಬರುತ್ತದೆ. ಮಾಜ್ದಾ ಆರ್‌ಎಕ್ಸ್-7ರಂತಹ ರೋಟರಿ ಎಂಜಿನ್ನಿನ ಹೊಗೆ ಸಾಮಾನ್ಯ ಎಂಜಿನ್ನಿನದಕ್ಕಿಂತ ಹೆಚ್ಚು ಬಿಸಿಯಾಗಿರುವುದರಿಂದ ಸದ್ದು ಹೀರಲು ಡಬ್ಬಿಯೊಳಗೆ ತುಂಬುವ ಸಾಧಾರಣ ಗಾಜಿನ ನಾರಿನ ಪ್ಯಾಕಿಂಗ್ ಅಲ್ಲಿ ಹೆಚ್ಚು ಕಾಲ ಬಾಳುವುದಿಲ್ಲ.

ಹಂತ 3: ಎಷ್ಟು ಸದ್ದು, ಯಾವ ವೇಗದಲ್ಲಿ ಎಂಬುದನ್ನು ನಿರ್ಧರಿಸಿ

ನೀವು ಹೆಚ್ಚು ಹೊತ್ತು ಓಡಿಸುವ ವೇಗದಲ್ಲಿ, ಮೇಲಿನ ಗೇರಿನಲ್ಲಿ, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂದು ಬರೆದುಕೊಳ್ಳಿ. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಉರಿಯುತ್ತದೆ. 3000 ಸುತ್ತಿನಲ್ಲಿ ಅದು ಸೆಕೆಂಡಿಗೆ 100 ಬಡಿತ, ಅಂದರೆ 100 ಹರ್ಟ್ಸ್. ಅದೇ ವೇಗದಲ್ಲಿ ಆರು ಸಿಲಿಂಡರಿನದು 150, ಎಂಟರದು 200 ಹರ್ಟ್ಸ್. ಸಣ್ಣ ಕಾರಿನ ಒಳಾಂಗಣ 100 ಹರ್ಟ್ಸ್‌ನ ಆಸುಪಾಸಿನ ಮಂದ್ರ ಸದ್ದನ್ನು ಹಿಡಿದು ದೊಡ್ಡದು ಮಾಡುವುದರಿಂದಲೇ ಹಳೆಯ ನಾಲ್ಕು ಸಿಲಿಂಡರಿನ ಕಾರುಗಳಲ್ಲಿ ಹೆದ್ದಾರಿಯ ಮೊರೆತದ ದೂರು ಹೆಚ್ಚು. ಈ ಒಂದು ಅಂಕಿ ಕೈಯಲ್ಲಿದ್ದರೆ ಮಾರುವವರನ್ನು ‘ಸದ್ದು ಹೇಗಿರುತ್ತದೆ’ ಎಂದು ಕೇಳುವ ಬದಲು ‘3000 ಸುತ್ತಿನಲ್ಲಿ ಇದೇ ಮಾದರಿಯ ಕಾರಿನೊಳಗೆ ಮೊರೆತವಿದೆಯೇ’ ಎಂದು ಕೇಳಬಹುದು.

ಡೆಸಿಬೆಲ್ ಅಂಕಿಗಳನ್ನು ಓದುವಾಗ, 10 ಡೆಸಿಬೆಲ್ ಏರಿಕೆ ನಮ್ಮ ಕಿವಿಗೆ ಸರಿಸುಮಾರು ಎರಡು ಪಟ್ಟು ಜೋರಾಗಿ ಕೇಳುತ್ತದೆ ಎಂಬುದು ನೆನಪಿರಲಿ. ಅಳೆದ ವಿಧಾನ ಹೇಳದ ಅಂಕಿಗೆ ಬೆಲೆಯಿಲ್ಲ. ನಿಂತ ಕಾರಿನ ಪರೀಕ್ಷೆಯಲ್ಲಿ ಮೈಕನ್ನು ಕೊಳವೆಯ ತುದಿಯಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಕೋನದಲ್ಲಿ ಇಡುವುದು ಅಂತರರಾಷ್ಟ್ರೀಯ ಪದ್ಧತಿ. ದೂರ ಹೆಚ್ಚಾದಂತೆ ಅಂಕಿ ಇಳಿಯುವುದರಿಂದ ಒಂದೇ ಡಬ್ಬಿಯನ್ನು ‘ಮೃದು’ ಎಂದೂ ತೋರಿಸಬಹುದು, ‘ಜೋರು’ ಎಂದೂ ತೋರಿಸಬಹುದು.

ಕಾನೂನಿನ ಮಿತಿ ದೇಶದಿಂದ ದೇಶಕ್ಕೆ, ಕಾರು ತಯಾರಾದ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ 59ನೆಯದು ಬದಲಿ ಸೈಲೆನ್ಸರ್‌ಗಳಿಗೆಂದೇ ಇದೆ. ಅದರ ಅನುಮೋದನೆ ಪಡೆದ ಡಬ್ಬಿಯ ಮೈಮೇಲೆ ವೃತ್ತದೊಳಗೆ ಇಂಗ್ಲಿಷಿನ ‘ಇ’ ಅಕ್ಷರ ಮತ್ತು ಅಂಕಿಯ ಗುರುತು ಅಚ್ಚಾಗಿರುತ್ತದೆ. ಆ ಅನುಮೋದನೆ ನಿಮ್ಮ ಮಾದರಿಯ ಕಾರಿಗೇ ಅನ್ವಯಿಸುತ್ತದೆಯೇ ಎಂದು ಪತ್ರದಲ್ಲಿ ನೋಡಿಕೊಳ್ಳಿ. ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಕಾರಿನಿಂದ ಅದನ್ನು ತೆಗೆಸುವ ಸಲಹೆಗೆ ಕಿವಿಗೊಡಬೇಡಿ.

ಹಂತ 4: ಒಳರಚನೆಯನ್ನು ಆರಿಸಿ

ಹೊರಗಿನ ಹೊಳಪಿಗಿಂತ ಡಬ್ಬಿಯ ಹೊಟ್ಟೆಯೊಳಗೆ ಏನಿದೆ ಎಂಬುದೇ ಸದ್ದನ್ನೂ ಬಾಳಿಕೆಯನ್ನೂ ನಿರ್ಧರಿಸುತ್ತದೆ. ಮುಖ್ಯವಾಗಿ ಮೂರು ಮಾದರಿಗಳಿವೆ.

ನೇರ ಕೊಳವೆ ಮಾದರಿಯಲ್ಲಿ ತೂತುಗಳಿರುವ ಒಂದು ಕೊಳವೆ ಈ ತುದಿಯಿಂದ ಆ ತುದಿಗೆ ಸಾಗುತ್ತದೆ, ಅದರ ಸುತ್ತ ಸದ್ದು ಹೀರುವ ನಾರು ತುಂಬಿರುತ್ತದೆ. ಹೊಗೆಗೆ ಇದರಲ್ಲಿ ಅಡಚಣೆ ಕಡಿಮೆ. ನಾರು ಕೀರಲು ಸದ್ದನ್ನು ಚೆನ್ನಾಗಿ ಹೀರುತ್ತದೆ, ಆದರೆ ಮಂದ್ರದ ಮೊರೆತವನ್ನು ಅಷ್ಟಾಗಿ ಹೀರದು; ಡಬ್ಬಿ ಗಿಡ್ಡವಾದಷ್ಟೂ ಈ ಕೊರತೆ ಹೆಚ್ಚು. ಇದನ್ನು ಆರಿಸುವುದಾದರೆ ಜಾಗ ಒಪ್ಪುವಷ್ಟು ಉದ್ದ ಮತ್ತು ದಪ್ಪನೆಯದನ್ನೇ ಆರಿಸಿ. ತೂತುಗಳು ಸಪಾಟಾಗಿ ಕೊರೆದವೇ ಎಂದು ನೋಡಿ. ಸೀಳಿ ಒಳಕ್ಕೆ ಬಾಗಿಸಿದ ರೆಕ್ಕೆಗಳಿದ್ದರೆ ಅವು ಹೊಗೆಯ ಹರಿವಿಗೆ ಅಡ್ಡ ಬರುತ್ತವೆ.

ಪ್ಯಾಕಿಂಗ್ ಯಾವುದೆಂದು ಕೇಳಲೇಬೇಕು. ಬರಿಯ ಗಾಜಿನ ನಾರು ಕಾಲಕ್ರಮೇಣ ಪುಡಿಯಾಗಿ ತೂತುಗಳ ಮೂಲಕ ಹೊಗೆಯ ಜೊತೆ ಹಾರಿಹೋಗುತ್ತದೆ, ಡಬ್ಬಿ ಟೊಳ್ಳಾಗಿ ಸದ್ದು ಒಡೆಯುತ್ತದೆ. ಒಳಕೊಳವೆಗೆ ಮೊದಲು ಸ್ಟೇನ್‌ಲೆಸ್ ಸ್ಟೀಲಿನ ಉಣ್ಣೆ ಸುತ್ತಿ, ಅದರ ಮೇಲೆ ಉದ್ದ ಎಳೆಯ ಗಾಜಿನ ನಾರು ಅಥವಾ ಬಸಾಲ್ಟ್ ನಾರು ತುಂಬಿದ್ದರೆ ಬಾಳಿಕೆ ಹೆಚ್ಚು. ತುದಿಯ ಮುಚ್ಚಳವನ್ನು ಬಿಚ್ಚಿ ಮತ್ತೆ ತುಂಬಬಹುದಾದ ಡಬ್ಬಿ ಸಿಕ್ಕರೆ ನಾನು ಅದಕ್ಕೆ ಹೆಚ್ಚು ಹಣ ಕೊಡಲು ಹಿಂಜರಿಯುವುದಿಲ್ಲ.

ಕೋಣೆ ಮಾದರಿಯಲ್ಲಿ ನಾರು ಇರುವುದಿಲ್ಲ. ಅಡ್ಡ ತಗಡುಗಳಿಂದ ಮಾಡಿದ ಕೋಣೆಗಳೊಳಗೆ ಸದ್ದಿನ ಅಲೆಗಳು ಪರಸ್ಪರ ಡಿಕ್ಕಿ ಹೊಡೆದು ಅಡಗುತ್ತವೆ. ಹಾರಿಹೋಗುವಂಥದ್ದು ಏನೂ ಇಲ್ಲದಿರುವುದರಿಂದ ಸದ್ದು ವರ್ಷಗಳ ಕಾಲ ಒಂದೇ ರೀತಿ ಇರುತ್ತದೆ. ಆದರೆ ಅಗ್ಗದ ಡಬ್ಬಿಗಳಲ್ಲಿ ಈ ತಗಡುಗಳು ಬೆಸುಗೆ ಬಿಟ್ಟು ಜಣಜಣ ಎನ್ನುವುದುಂಟು. ಕೋಣೆಗಳ ಅಳತೆ ನಿಮ್ಮ ಎಂಜಿನ್ನಿಗೆ ಹೊಂದದಿದ್ದರೆ ಮೊರೆತ ಕಡಿಮೆಯಾಗುವ ಬದಲು ಹೆಚ್ಚುವುದೂ ಸಾಧ್ಯ.

ಮೂರನೆಯದರಲ್ಲಿ ಹೊಗೆ ತೂತುಕೊಳವೆಗಳ ಮೂಲಕ ಮುಂದೆ ಹೋಗಿ, ತಿರುಗಿ, ಮತ್ತೆ ಮುಂದೆ ಸಾಗುತ್ತದೆ. ಕಾರು ತಯಾರಿಸಿದ ಕಂಪನಿಗಳು ಹೆಚ್ಚಾಗಿ ಬಳಸುವುದು ಇದನ್ನೇ. ದಿನನಿತ್ಯ ಓಡಿಸುವ ಕಾರಿಗೆ, ಹೆಚ್ಚು ಸದ್ದು ಬೇಡ ಎನ್ನುವವರಿಗೆ ಇದೇ ಸೂಕ್ತ; ಇದನ್ನು ಕೀಳಾಗಿ ಕಾಣುವ ಅಭ್ಯಾಸ ಸರಿಯಲ್ಲ.

ಮೊರೆತವೇ ನಿಮ್ಮ ಮುಖ್ಯ ಚಿಂತೆಯಾಗಿದ್ದರೆ ಡಬ್ಬಿಯ ಜೊತೆಗೆ ರೆಸೊನೇಟರ್ ಉಳಿಸಿಕೊಳ್ಳಿ. ಒಂದು ತುದಿ ಮುಚ್ಚಿದ ಪಕ್ಕದ ಕೊಳವೆಯನ್ನು ಬೆಸೆದು ಮೊರೆತವನ್ನು ಅಡಗಿಸುವ ವಿಧಾನವೂ ಇದೆ, ಆದರೆ ಅದರ ಉದ್ದ ಸದ್ದಿನ ಅಲೆಯ ನಾಲ್ಕನೇ ಒಂದು ಭಾಗದಷ್ಟಿರಬೇಕು. ಹೊಗೆ 300 ಡಿಗ್ರಿ ಬಿಸಿ ಇದ್ದಾಗ 100 ಹರ್ಟ್ಸ್‌ಗೆ ಅದು ಸುಮಾರು 1.2 ಮೀಟರ್ ಆಗುತ್ತದೆ. ಸಣ್ಣ ಸ್ಪೋರ್ಟ್ಸ್ ಕಾರಿನ ಕೆಳಗೆ ಅಷ್ಟು ಜಾಗ ಸಿಗುವುದು ಕಷ್ಟ. ಹಾಗಾಗಿ ಮೊರೆತವನ್ನು ಆಮೇಲೆ ಸರಿಪಡಿಸಿಕೊಳ್ಳೋಣ ಎಂದುಕೊಂಡು ಕೊಳ್ಳಬೇಡಿ.

ಹಂತ 5: ಕೊಳವೆಯ ವ್ಯಾಸವನ್ನು ಅಗತ್ಯಕ್ಕಿಂತ ಹೆಚ್ಚಿಸಬೇಡಿ

ಕೊಳವೆಯನ್ನು 2 ಇಂಚಿನಿಂದ 2.5 ಇಂಚಿಗೆ ಏರಿಸಿದರೆ ವ್ಯಾಸ ಶೇಕಡಾ 25ರಷ್ಟು ಹೆಚ್ಚಿದರೂ ಒಳಗಿನ ವಿಸ್ತೀರ್ಣ ಶೇಕಡಾ 56ರಷ್ಟು ಹೆಚ್ಚುತ್ತದೆ. ಎಂಜಿನ್ನಿಗೆ ಹಿಂದೊತ್ತಡ (ಹೊರಹೋಗುವ ಹೊಗೆಗೆ ಎದುರಾಗುವ ಒತ್ತಡ) ಬೇಕು ಎಂಬ ಮಾತು ತಪ್ಪು. ಬೇಕಾದುದು ಹೊಗೆಯ ವೇಗ. ಕೊಳವೆ ತೀರಾ ಅಗಲವಾದರೆ ಹೊಗೆ ನಿಧಾನವಾಗುತ್ತದೆ, ಕೆಳಗಿನ ಸುತ್ತುಗಳಲ್ಲಿ ಎಳೆತ ಮಂದವಾಗಬಹುದು, ಮೊರೆತವಂತೂ ಹೆಚ್ಚುತ್ತದೆ. ಎಂಜಿನ್ ಮೂಲ ಸ್ಥಿತಿಯಲ್ಲಿಯೇ ಇದ್ದರೆ ಮೂಲ ವ್ಯಾಸವೇ ಸಾಕು.

ಕಾರ್ಬ್ಯುರೇಟರ್ ಇರುವ ಕಾರುಗಳಲ್ಲಿ ಇನ್ನೊಂದು ಮಾತು. ಹೊಗೆ ಸರಾಗವಾಗಿ ಹೋಗತೊಡಗಿದರೆ ಗಾಳಿ ಮತ್ತು ಪೆಟ್ರೋಲಿನ ಅನುಪಾತ ಬದಲಾಗಿ ಮಿಶ್ರಣ ತೆಳುವಾಗಬಹುದು, ಅಂದರೆ ಅದರಲ್ಲಿ ಪೆಟ್ರೋಲಿನ ಪಾಲು ತಗ್ಗಬಹುದು. ಕಂಪ್ಯೂಟರ್ ಇಲ್ಲದ ಕಾರು ತಾನಾಗಿ ಅದನ್ನು ಸರಿಪಡಿಸಿಕೊಳ್ಳುವುದಿಲ್ಲ. ಜೋಡಣೆಯ ನಂತರ ಸ್ಪಾರ್ಕ್ ಪ್ಲಗ್ ಬಿಚ್ಚಿ ಬಣ್ಣ ನೋಡಿ. ತಿಳಿ ಕಂದು ಇದ್ದರೆ ಸರಿ, ಸುಣ್ಣದಂತೆ ಬೆಳ್ಳಗಾಗಿದ್ದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತಿನ ಬಿಡಿಭಾಗವಾದ ಜೆಟ್ ಬದಲಿಸಬೇಕು.

ಹಂತ 6: ಲೋಹವನ್ನು ಪರೀಕ್ಷಿಸಿ

ಒಂದು ಲೀಟರ್ ಪೆಟ್ರೋಲ್ ಉರಿದಾಗ ಸರಿಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ದೂರ ಓಡಿದ ಕಾರಿನಲ್ಲಿ ಅದು ಆವಿಯಾಗಿ ಹೋಗುತ್ತದೆ. ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸಿ ಶೆಡ್ಡಿನಲ್ಲಿ ನಿಲ್ಲಿಸುವ ಹಳೆಯ ಕಾರಿನಲ್ಲಿ ಮಾತ್ರ ಅದು ಆಮ್ಲ ಸೇರಿದ ನೀರಾಗಿ ಸೈಲೆನ್ಸರ್‌ನ ತಳದಲ್ಲಿ ನಿಲ್ಲುತ್ತದೆ. ಹಳೆಯ ಸ್ಪೋರ್ಟ್ಸ್ ಕಾರಿನ ಡಬ್ಬಿಗಳು ಬಹುಪಾಲು ಒಳಗಿನಿಂದ ಕೊಳೆಯುತ್ತವೆ. ತಳದ ಅತಿ ತಗ್ಗಿನಲ್ಲಿ ನೀರು ಬಸಿಯುವ ಸಣ್ಣ ತೂತು ಇದ್ದರೆ ಅದು ದೋಷವಲ್ಲ, ಅದನ್ನು ಮುಚ್ಚಬೇಡಿ.

ಅಲ್ಯೂಮಿನಿಯಂ ಲೇಪಿಸಿದ ಉಕ್ಕು ಅಗ್ಗ, ಆದರೆ ಬೆಸುಗೆ ಮತ್ತು ಕತ್ತರಿಸಿದ ಅಂಚುಗಳಲ್ಲಿ ಲೇಪನ ಹೋಗಿ ಅಲ್ಲಿಂದಲೇ ತುಕ್ಕು ಹತ್ತುತ್ತದೆ. 409 ದರ್ಜೆಯ ಸ್ಟೇನ್‌ಲೆಸ್‌ನಲ್ಲಿ ಸುಮಾರು ಶೇಕಡಾ 11 ಕ್ರೋಮಿಯಂ ಇರುತ್ತದೆ. ಮೇಲ್ಮೈ ಕಂದಾದರೂ ಬೇಗ ತೂತಾಗದು. 304ರಲ್ಲಿ ಸುಮಾರು ಶೇಕಡಾ 18 ಕ್ರೋಮಿಯಂ, 8 ನಿಕ್ಕಲ್ ಇರುವುದರಿಂದ ಬಾಳಿಕೆ ಇನ್ನೂ ಹೆಚ್ಚು. ಆಯಸ್ಕಾಂತ ಹಿಡಿದು ನೋಡಿ: ಮೊದಲ ಎರಡಕ್ಕೆ ಗಟ್ಟಿಯಾಗಿ ಅಂಟುತ್ತದೆ, 304ಕ್ಕೆ ಅಂಟುವುದಿಲ್ಲ, ಬಾಗಿಸಿದ ಜಾಗಗಳಲ್ಲಿ ಮಾತ್ರ ತುಸು ಎಳೆಯಬಹುದು. ಹೊರಕವಚಕ್ಕೆ ಮಾತ್ರ 304 ಬಳಸಿ ಒಳಗೆ ಅಗ್ಗದ ಲೋಹ ಇಟ್ಟಿರುವುದುಂಟು, ಆದ್ದರಿಂದ ಆಯಸ್ಕಾಂತವನ್ನು ದಾರಕ್ಕೆ ಕಟ್ಟಿ ಬಾಯಿಯೊಳಗೂ ಇಳಿಬಿಟ್ಟು ನೋಡಿ.

ಹಂತ 7: ಹಣ ಕೊಡುವ ಮೊದಲು ಕೈಯಲ್ಲಿ ಹಿಡಿದು ನೋಡಿ

ಒಂದು ಬಾಯಿಯಿಂದ ಟಾರ್ಚ್ ಬಿಟ್ಟು ಇನ್ನೊಂದರಿಂದ ಇಣುಕಿ. ಒಳಗಿನ ಬೆಸುಗೆ ನಯವಾಗಿರಬೇಕು. ಸ್ಟೇನ್‌ಲೆಸ್ ಬೆಸೆಯುವಾಗ ಒಳಬದಿಗೆ ಆರ್ಗಾನ್‌ನಂತಹ ಅನಿಲ ತುಂಬದಿದ್ದರೆ ಅಲ್ಲಿ ಸುಟ್ಟ ಬೆಲ್ಲದ ಹರಳಿನಂತೆ ಕಪ್ಪು ಉರುಟು ಪದರ ಏಳುತ್ತದೆ; ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಕೊಳವೆಯ ತಿರುವುಗಳಲ್ಲಿ ಸುಕ್ಕು ಇದ್ದರೆ ಅದನ್ನು ಒತ್ತಿ ಬಾಗಿಸಿದ್ದಾರೆ, ಅಲ್ಲಿ ದಾರಿ ಕಿರಿದಾಗಿದೆ ಎಂದು ತಿಳಿಯಿರಿ. ಡಬ್ಬಿಯನ್ನು ಎರಡೂ ಕೈಗಳಿಂದ ಅಲುಗಿಸಿ. ಏನೇ ಸದ್ದು ಬಂದರೂ ಬೇಡ. ಹ್ಯಾಂಗರ್ ಕಡ್ಡಿಯ ಬುಡದಲ್ಲಿ ಬಲಪಡಿಸುವ ತಗಡು ಇಲ್ಲದೆ ನೇರವಾಗಿ ತೆಳುವಾದ ಕವಚಕ್ಕೇ ಬೆಸೆದಿದ್ದರೆ, ಅದು ಕವಚವನ್ನು ಹರಿದುಕೊಂಡು ಬರುವ ದಿನ ದೂರವಿಲ್ಲ.

ಹಂತ 8: ಜೋಡಿಸುವ ಕ್ರಮ

ಹಳೆಯ ಬೋಲ್ಟುಗಳಿಗೆ ಹಿಂದಿನ ದಿನವೇ ಎಣ್ಣೆ ಹಾಕಿ. ಕತ್ತರಿಸುವಾಗ ಮಾಸ್ಕ್ ಕಡ್ಡಾಯ, ಏಕೆಂದರೆ ಒಳಗಿನ ನಾರು ಉಸಿರಿಗೆ ಒಳ್ಳೆಯದಲ್ಲ. ತೀರಾ ಹಳೆಯ ಕಾರಿನ ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಇರುವುದರಿಂದ ಅವುಗಳನ್ನು ಒಣಗಿದಂತೆ ಉಜ್ಜದೆ, ಒದ್ದೆ ಮಾಡಿ ತೆಗೆಯಿರಿ.

ರಬ್ಬರ್ ಹ್ಯಾಂಗರ್ ಮತ್ತು ಗ್ಯಾಸ್ಕೆಟ್‌ಗಳನ್ನು ಹೊಸದಾಗಿಯೇ ಹಾಕಿ. ಎಲ್ಲ ಜೋಡಣೆಗಳನ್ನೂ ಮೊದಲು ಕೈಬಿಗಿಯಲ್ಲಿ ಸಡಿಲವಾಗಿ ಸೇರಿಸಿ, ಡಬ್ಬಿಯನ್ನು ತೂಗುಹಾಕಿ, ಅದು ಎಲ್ಲಿಯೂ ಎಳೆಯದೆ ತನ್ನ ಜಾಗದಲ್ಲಿ ನಿಂತ ಮೇಲೆ ಎಂಜಿನ್ ಕಡೆಯಿಂದ ಹಿಂದಕ್ಕೆ ಒಂದೊಂದಾಗಿ ಬಿಗಿಯುತ್ತ ಬನ್ನಿ. ಹಿಂದಿನಿಂದ ಬಿಗಿಯತೊಡಗಿದರೆ ಕೊಳವೆಯಲ್ಲಿ ಉಳಿಯುವ ತಿರುಚು ಕೊನೆಗೆ ಮ್ಯಾನಿಫೋಲ್ಡನ್ನು ಸೀಳುತ್ತದೆ. ಯು ಆಕಾರದ ಕ್ಲಾಂಪ್ ಕೊಳವೆಯನ್ನು ಅಮುಕಿ ಹಿಂಡುವುದರಿಂದ ಮುಂದೆ ಬಿಚ್ಚುವುದು ಕಷ್ಟ. ಸುತ್ತಲೂ ಸಮನಾಗಿ ಹಿಡಿಯುವ ಅಗಲ ಪಟ್ಟಿಯ ಕ್ಲಾಂಪ್ ಉತ್ತಮ. ಕೊಳವೆ ಕಾರಿನಲ್ಲಿರುವಾಗಲೇ ಬೆಸೆಯಬೇಕಾದರೆ ಬ್ಯಾಟರಿಯ ತಂತಿ ಬಿಚ್ಚಬೇಕು, ಪೆಟ್ರೋಲ್ ಟ್ಯಾಂಕ್ ಮತ್ತು ಅದರ ಕೊಳವೆಗಳ ಬಳಿ ಬೆಸುಗೆ ಮಾಡಿಸಲೇಬಾರದು.

ಎಲ್ಲ ಮುಗಿದ ಮೇಲೆ ಸ್ಟೇನ್‌ಲೆಸ್ ಮೈಯನ್ನು ಒರೆಸುವ ಸ್ಪಿರಿಟ್‌ನಿಂದ ಸ್ವಚ್ಛಗೊಳಿಸಿ, ಆರಲು ಬಿಟ್ಟು, ನಂತರ ಎಂಜಿನ್ ಚಾಲೂ ಮಾಡಿ. ಬೆರಳಿನ ಜಿಡ್ಡು ಉಳಿದರೆ ಮೊದಲ ಕಾವಿಗೇ ಹೆಬ್ಬೆರಳಿನ ಗೆರೆಗಳು ಲೋಹದ ಮೇಲೆ ಕಂದು ಮುದ್ರೆಯಾಗಿ ಸುಟ್ಟು ಕೂರುತ್ತವೆ.

ಹಂತ 9: ಮೊದಲ ಓಡಾಟ ಮತ್ತು ಎಚ್ಚರಿಕೆಯ ಲಕ್ಷಣಗಳು

ಮೊದಲ ಸಲ ಬಿಸಿಯಾದಾಗ ತುಸು ಹೊಗೆ, ಎಣ್ಣೆ ಸುಟ್ಟ ವಾಸನೆ ಬರುವುದು ಸಹಜ. ತಯಾರಿಕೆಯ ಜಿಡ್ಡು ಸುಟ್ಟುಹೋಗುತ್ತಿರುತ್ತದೆ. ಲೋಹ ಹೊನ್ನಿನ ಬಣ್ಣಕ್ಕೆ ತಿರುಗುವುದೂ ಸಹಜ. ಪೂರ್ತಿ ಬಿಸಿಯಾಗಿ ಪೂರ್ತಿ ತಣ್ಣಗಾದ ಮೇಲೆ ಒಮ್ಮೆ, ಸುಮಾರು 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಎಲ್ಲ ಬೋಲ್ಟುಗಳ ಬಿಗಿ ನೋಡಿ. ಗೇರ್ ಬದಲಿಸುವಾಗ ಮಾತ್ರ ‘ಟಂಗ್’ ಎಂದರೆ ಎಂಜಿನ್ ಅಲುಗಿದಾಗ ಕೊಳವೆ ಎಲ್ಲಿಗೋ ತಾಗುತ್ತಿದೆ. ಎಂಜಿನ್ ಮೌಂಟ್ ಸೋತಿದೆಯೇ ಎಂದೂ ಪರೀಕ್ಷಿಸಿ. ಕೆಲವು ತಿಂಗಳಲ್ಲೇ ಸದ್ದು ಏರುತ್ತ ಹೋದರೆ ಪ್ಯಾಕಿಂಗ್ ಹೋಗುತ್ತಿದೆ. ಗೇರಿಲ್ಲದೆ ನಿಂತಾಗ ಸುಮ್ಮನಿದ್ದ ಎಂಜಿನ್ ಮೇಲಿನ ಸುತ್ತುಗಳಲ್ಲಿ ಉಸಿರುಗಟ್ಟಿದಂತಾದರೆ ದಾರಿ ಎಲ್ಲೋ ಕಟ್ಟಿಕೊಂಡಿದೆ.

ಇವೆಲ್ಲಕ್ಕಿಂತ ಗಂಭೀರವಾದುದು ಕಾರಿನೊಳಗೆ ಬರುವ ಹೊಗೆ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಜೊತೆಗೆ ಬರುವ ಪೆಟ್ರೋಲ್ ಹೊಗೆಯ ವಾಸನೆಯೇ ನಮಗೆ ಸಿಗುವ ಮುನ್ಸೂಚನೆ, ಅದೂ ಯಾವಾಗಲೂ ಸಿಗುವುದಿಲ್ಲ. ಓಡುವ ಕಾರಿನ ಹಿಂದೆ ಗಾಳಿ ಸುಳಿಯಾಗಿ ತಿರುಗುವುದರಿಂದ ಮಡಚುವ ಮೇಲ್ಛಾವಣಿಯ ಕಾರುಗಳೂ, ಡಿಕ್ಕಿಯ ರಬ್ಬರ್ ಹಳತಾದ ಕಾರುಗಳೂ ಹೊಗೆಯನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಕೊಳವೆಯ ತುದಿ ಬಂಪರಿನ ಅಂಚನ್ನು ದಾಟಿ ಹೊರಗಿರಬೇಕು, ಡಿಕ್ಕಿಯ ತಳದಲ್ಲಿ ಮುಚ್ಚದ ತೂತುಗಳಿರಬಾರದು. ಹೊಸ ಸೈಲೆನ್ಸರ್ ಹಾಕಿಸಿದ ಮೇಲೆ ಓಡಿಸುವಾಗ ತಲೆನೋವು, ತಲೆ ಸುತ್ತು, ವಾಕರಿಕೆ ಕಾಣಿಸಿಕೊಂಡರೆ ತಕ್ಷಣ ನಿಲ್ಲಿಸಿ, ಕೆಳಗಿಳಿದು ತೆರೆದ ಗಾಳಿಗೆ ಬನ್ನಿ. ಸೋರಿಕೆ ಪತ್ತೆಯಾಗಿ ಮುಚ್ಚುವವರೆಗೆ ಆ ಕಾರನ್ನು ಓಡಿಸಬೇಡಿ.